ಬೆಲೆಯೇ ಗುರುತು: ವ್ಯಾಲ್ಯೂ ಆಬ್ಜೆಕ್ಟ್ ಬೋಧನೆಯೂ ಒಂದು ಪೋರ್ಚುಗೀಸ್ ಅನುವಾದವೂ

ಪೀಠಿಕೆ

ಗಣಕ ವಿಜ್ಞಾನವನ್ನು ಬೋಧನಾ ವಿಷಯವಾಗಿ ಆಯ್ದುಕೊಂಡ ಪ್ರಶಿಕ್ಷಣಾರ್ಥಿಗಳು ಕ್ಲಾಸ್ ಮತ್ತು ಆಬ್ಜೆಕ್ಟ್ ಘಟಕವನ್ನು ಬೋಧಿಸುವಾಗ ವ್ಯಾಖ್ಯೆ ಬರೆಸಿ, ಒಂದು ಉದಾಹರಣೆ ಕೊಟ್ಟು ಮುಂದೆ ಸಾಗುವುದುಂಟು. ಆದರೆ ಯಾವ ಆಬ್ಜೆಕ್ಟನ್ನು ಇನ್ನೊಂದಕ್ಕೆ ಸಮ ಎನ್ನಬಹುದು, ಯಾವುದನ್ನು ಎನ್ನಬಾರದು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಈ ಪ್ರಶ್ನೆ ಕೇವಲ ಪಠ್ಯದ್ದಲ್ಲ. ಒಂದೇ ತರಗತಿಯಲ್ಲಿ ಒಂದೇ ಹೆಸರಿನ, ಒಂದೇ ಜನ್ಮದಿನಾಂಕದ ಇಬ್ಬರು ಮಕ್ಕಳಿದ್ದಾರೆ ಎನ್ನಿ. ಹೆಸರೂ ದಿನಾಂಕವೂ ಒಂದೇ ಆದರೆ ಇಬ್ಬರೂ ಒಬ್ಬರೇ ಎಂದು ತಿಳಿಯುವ ತಂತ್ರಾಂಶ ಒಂದು ಮಗುವಿನ ಅಂಕವನ್ನು ಇನ್ನೊಂದರ ಖಾತೆಗೆ ಸೇರಿಸುತ್ತದೆ. ಇದಕ್ಕೆ ಹಿಮ್ಮುಖವಾಗಿ, ಒಂದು ನೂರು ರೂಪಾಯಿಗೂ ಇನ್ನೊಂದು ನೂರು ರೂಪಾಯಿಗೂ ವ್ಯತ್ಯಾಸವಿದೆ ಎಂದು ತಿಳಿಯುವ ತಂತ್ರಾಂಶದಲ್ಲಿ ಜಮೆಯೂ ಖರ್ಚೂ ತಾಳೆಯಾಗುವುದೇ ಇಲ್ಲ.

ಈ ವಿವೇಚನೆಯನ್ನು ಕಲಿಸಲು ನೆರವಾಗುವ ಪರಿಕಲ್ಪನೆಯೇ ವ್ಯಾಲ್ಯೂ ಆಬ್ಜೆಕ್ಟ್. ಇದನ್ನು ಎರಡು ಅವಧಿಗಳಲ್ಲಿ ಬೋಧಿಸುವ ಕ್ರಮವನ್ನು ಈ ಲೇಖನ ವಿವರಿಸುತ್ತದೆ. ಜೊತೆಗೆ, ಪಾರಿಭಾಷಿಕ ಪದವನ್ನು ಮಾತೃಭಾಷೆಗೆ ತರುವಾಗ ಪರಿಕಲ್ಪನೆ ಎಲ್ಲಿ ಜಾರುತ್ತದೆ ಎಂಬುದನ್ನು ಪೋರ್ಚುಗೀಸ್ ಅನುವಾದದ ನೆರವಿನಿಂದ ಪರಿಶೀಲಿಸುತ್ತದೆ.

ಪಾಠದ ಸ್ವರೂಪ

ತರಗತಿ: ಪೈಥಾನ್‌ನ ಪ್ರಾಥಮಿಕ ಪರಿಚಯವಿರುವ ಪದವಿಪೂರ್ವ ಅಥವಾ ಪದವಿ ಮೊದಲ ವರ್ಷದ ವಿದ್ಯಾರ್ಥಿಗಳು.
ಅವಧಿ: 45 ನಿಮಿಷಗಳ ಎರಡು ಅವಧಿಗಳು.
ಪೂರ್ವಜ್ಞಾನ: ಚರಾಕ್ಷರ, ಪಟ್ಟಿ, ಕ್ಲಾಸ್, ಆಬ್ಜೆಕ್ಟ್, ಭಿನ್ನರಾಶಿ, ಶೇಕಡಾ.
ಬೋಧನೋಪಕರಣ: ಸೀಮೆಸುಣ್ಣದ ಪೆಟ್ಟಿಗೆ, ಗ್ರಂಥಾಲಯದ ಒಂದೇ ಪುಸ್ತಕದ ಎರಡು ಪ್ರತಿ, ಹಳೆಯ ಅಂಕಪಟ್ಟಿ (ಹೆಸರು ಮುಚ್ಚಿದ್ದು), ಸಾಧ್ಯವಿದ್ದರೆ ಒಂದು ಗಣಕಯಂತ್ರ.

ಕಲಿಕಾ ಫಲಗಳು: ಪಾಠದ ಕೊನೆಗೆ ವಿದ್ಯಾರ್ಥಿಯು
1. ಗುರುತಿನಿಂದ ತಿಳಿಯಬೇಕಾದ ವಸ್ತುವನ್ನೂ ಬೆಲೆಯಿಂದ ತಿಳಿಯಬೇಕಾದ ವಸ್ತುವನ್ನೂ ಕಾರಣಸಹಿತ ಬೇರ್ಪಡಿಸುವನು.
2. ಬರಿಯ ಸಂಖ್ಯೆ ಏಕೆ ಸಾಲದು ಎಂಬುದನ್ನು ಉದಾಹರಣೆಯಿಂದ ವಿವರಿಸುವನು.
3. ಬದಲಾಗದ ವಸ್ತುವಿನ ಪ್ರಯೋಜನವನ್ನು ತೋರಿಸುವನು.
4. ಒಂದೇ ಬೆಲೆ ಬೇರೆ ಬೇರೆ ಬರಹರೂಪಗಳಲ್ಲಿ ಬರುವುದನ್ನು ಗುರುತಿಸುವನು.

ವಿಷಯದ ಹಿನ್ನೆಲೆ

ಮಾರ್ಟಿನ್ ಫೌಲರ್ 2002ರಲ್ಲಿ ಪ್ರಕಟಿಸಿದ, ಉದ್ದಿಮೆಗಳ ತಂತ್ರಾಂಶ ರಚನೆಯನ್ನು ಕುರಿತ ಗ್ರಂಥದಲ್ಲಿ ವ್ಯಾಲ್ಯೂ ಆಬ್ಜೆಕ್ಟ್ ಒಂದು ವಿನ್ಯಾಸವಾಗಿ ನಿರೂಪಿತವಾಗಿದೆ. ಹಣವನ್ನು ಹೇಗೆ ರೂಪಿಸಬೇಕೆಂಬುದನ್ನೂ ಅದೇ ಗ್ರಂಥ ಪ್ರತ್ಯೇಕವಾಗಿ ಚರ್ಚಿಸುತ್ತದೆ. 2003ರಲ್ಲಿ ಎರಿಕ್ ಎವಾನ್ಸ್ ತಮ್ಮ ಡೊಮೇನ್-ಡ್ರಿವನ್ ಡಿಸೈನ್ ಗ್ರಂಥದಲ್ಲಿ ಎಂಟಿಟಿ ಮತ್ತು ವ್ಯಾಲ್ಯೂ ಆಬ್ಜೆಕ್ಟ್‌ಗಳನ್ನು ಒಂದರ ಪಕ್ಕ ಒಂದನ್ನಿಟ್ಟು ವಿಂಗಡಿಸಿದರು. ಇಂದು ತರಗತಿಗಳಲ್ಲಿ ಬಳಕೆಯಲ್ಲಿರುವುದು ಬಹುಮಟ್ಟಿಗೆ ಈ ವಿಂಗಡಣೆಯೇ.

ಇದರ ಸಾರವನ್ನು ಮೂರು ಲಕ್ಷಣಗಳಲ್ಲಿ ಹೇಳಬಹುದು.

ಒಂದು, ಸಮಾನತೆ ಬೆಲೆಯಿಂದ ನಿರ್ಧಾರವಾಗುತ್ತದೆ. ಎಲ್ಲ ಭಾಗಗಳೂ ಸಮವಾದರೆ ಎರಡು ವಸ್ತುಗಳೂ ಸಮ.
ಎರಡು, ಒಮ್ಮೆ ರಚಿಸಿದ ಮೇಲೆ ಅದು ಬದಲಾಗುವುದಿಲ್ಲ. ಬೇರೆ ಬೆಲೆ ಬೇಕಾದರೆ ಬೇರೆ ವಸ್ತುವನ್ನೇ ರಚಿಸಬೇಕು.
ಮೂರು, ತಪ್ಪು ಬೆಲೆಯೊಂದಿಗೆ ಅದು ಹುಟ್ಟುವುದೇ ಇಲ್ಲ. ಪರಿಶೀಲನೆ ಬಾಗಿಲಲ್ಲೇ ನಡೆಯುತ್ತದೆ.

ಎಂಟಿಟಿಯ ಸ್ವಭಾವ ಇದಕ್ಕೆ ವಿರುದ್ಧ. ವಿದ್ಯಾರ್ಥಿಯ ವಿಳಾಸ, ತರಗತಿ, ಎತ್ತರ ಎಲ್ಲವೂ ಬದಲಾಗುತ್ತವೆ. ಕೆಲವೊಮ್ಮೆ ಹೆಸರೂ ಬದಲಾಗುತ್ತದೆ. ಆದರೂ ದಾಖಲಾತಿ ರಿಜಿಸ್ಟರಿನಲ್ಲಿ ಅವನು ಅದೇ ವಿದ್ಯಾರ್ಥಿ. ಅವನ ಗುರುತು ಅವನ ಲಕ್ಷಣಗಳ ಮೊತ್ತವಲ್ಲ.

ಹೆಸರಿನ ತೊಡಕು

ಪ್ರಶಿಕ್ಷಣಾರ್ಥಿಗಳು ಎದುರಿಸುವ ಮೊದಲ ತೊಡಕು ಹೆಸರಿನಲ್ಲೇ ಇದೆ. ಬ್ರೆಜಿಲ್‌ನ ತಂತ್ರಾಂಶ ಪಾಠಗಳಲ್ಲಿ ಈ ಪರಿಕಲ್ಪನೆಗೆ 'ಒಬ್ಜೆತೊ ದೆ ವಲೋರ್' ಎಂಬ ಅನುವಾದವಿದೆ. ಪದಕ್ಕೆ ಪದ ಇಟ್ಟು ನೋಡಿದರೆ ಅನುವಾದ ನಿರ್ದುಷ್ಟವಾಗಿದೆ. ಆದರೆ ದಿನಬಳಕೆಯ ಪೋರ್ಚುಗೀಸಿನಲ್ಲಿ ಇದೇ ಪದಪುಂಜಕ್ಕೆ ಬೇರೊಂದು ಅರ್ಥ ಗಟ್ಟಿಯಾಗಿ ಕೂತಿದೆ: ಬೆಲೆಬಾಳುವ ವಸ್ತು. ವಾಹನದಲ್ಲಿ ಬೆಲೆಬಾಳುವ ವಸ್ತುಗಳನ್ನು ಬಿಟ್ಟುಹೋಗಬೇಡಿ ಎಂದು ಎಚ್ಚರಿಸುವ ಫಲಕಗಳಲ್ಲಿ ಕಾಣುವುದು ಇದೇ ಮಾತು. ಪದ ಕೇಳಿದ ಕಲಿಯುವವನ ಮನಸ್ಸಿಗೆ ಮೊದಲು ಬರುವುದು ಉಂಗುರ, ಗಡಿಯಾರ, ಜೋಪಾನವಾಗಿ ಕಾಯಬೇಕಾದ ಸಾಮಾನು.

ಪರಿಕಲ್ಪನೆ ಹೇಳುವುದು ಇದಕ್ಕೆ ತೀರ ವಿರುದ್ಧವಾದುದನ್ನು. ವ್ಯಾಲ್ಯೂ ಆಬ್ಜೆಕ್ಟನ್ನು ಕಾಯಬೇಕಾಗಿಲ್ಲ. ಒಂದನ್ನು ಎಸೆದು ಅಷ್ಟೇ ಬೆಲೆಯ ಇನ್ನೊಂದನ್ನು ಅಲ್ಲಿಟ್ಟರೆ ಯಾರಿಗೂ ನಷ್ಟವಿಲ್ಲ. ಅಜ್ಜಿಯ ಉಂಗುರವನ್ನು ಅಷ್ಟೇ ತೂಕದ ಬೇರೆ ಉಂಗುರದಿಂದ ತುಂಬಲಾಗದು. ಹಾಗಾಗಿ ಅದು ಎಂಟಿಟಿಯ ಗುಂಪಿಗೆ ಸೇರುತ್ತದೆ. ಅನುವಾದ ಸರಿಯಿದ್ದೂ ಕಲಿಯುವವನನ್ನು ತಪ್ಪು ದಿಕ್ಕಿಗೆ ಕಳಿಸುವುದಕ್ಕೆ ಇದು ಒಳ್ಳೆಯ ನಿದರ್ಶನ. 'ವಲೋರ್' ಎಂಬ ಪದಕ್ಕೆ ಹಣದ ಮೊತ್ತ ಎಂಬ ಅರ್ಥವೂ ಇರುವುದರಿಂದ, ಹಣವನ್ನೇ ಉದಾಹರಣೆಯಾಗಿ ತೆಗೆದುಕೊಂಡ ಪಾಠದಲ್ಲಿ ಒಂದೇ ಪದ ಎರಡು ಕೆಲಸ ಮಾಡಬೇಕಾಗುತ್ತದೆ.

ಕನ್ನಡದಲ್ಲಿ ನಮ್ಮ ಸ್ಥಿತಿ ಇದಕ್ಕಿಂತ ಉತ್ತಮವೇನಲ್ಲ. 'ಮೌಲ್ಯ ವಸ್ತು' ಎಂದರೆ ನಮ್ಮ ವಿದ್ಯಾರ್ಥಿಗೂ ಬೆಲೆಬಾಳುವ ಸಾಮಾನೇ ನೆನಪಾಗುತ್ತದೆ. ಶಿಕ್ಷಣ ಕ್ಷೇತ್ರದಲ್ಲಿರುವ ನಮಗಂತೂ 'ಮೌಲ್ಯ' ಎಂದೊಡನೆ ಮೌಲ್ಯ ಶಿಕ್ಷಣ, ಜೀವನ ಮೌಲ್ಯ, ಮೌಲ್ಯಮಾಪನ ಎಂಬ ಪದಗಳ ಸಾಲೇ ಮುಂದೆ ಬರುತ್ತದೆ. ಆದರೆ ಗಣಿತದ ತರಗತಿ ನಮಗೆ ಇನ್ನೊಂದು ಪದವನ್ನು ಆಗಲೇ ಕೊಟ್ಟಿದೆ. 'ಎಕ್ಸ್‌ನ ಬೆಲೆ ಕಂಡುಹಿಡಿಯಿರಿ' ಎಂಬ ವಾಕ್ಯದಲ್ಲಾಗಲಿ 'ಸ್ಥಾನಬೆಲೆ' ಎಂಬ ಪದದಲ್ಲಾಗಲಿ ಅಂಗಡಿಯ ಬೆಲೆಯನ್ನು ಯಾವ ವಿದ್ಯಾರ್ಥಿಯೂ ಕಾಣುವುದಿಲ್ಲ. ಇಲ್ಲಿ ಬೇಕಾಗಿರುವುದು ಈ ಗಣಿತದ ಬೆಲೆಯೇ.

ಆದ್ದರಿಂದ ಸೂಚಿಸುವುದಿಷ್ಟು: ಪರೀಕ್ಷೆಯಲ್ಲೂ ಉದ್ಯೋಗದಲ್ಲೂ ಎದುರಾಗುವ 'ವ್ಯಾಲ್ಯೂ ಆಬ್ಜೆಕ್ಟ್' ಎಂಬ ಪದವನ್ನು ಹಾಗೆಯೇ ಉಳಿಸಿಕೊಳ್ಳಿ. ವಿವರಣೆಯಲ್ಲಿ 'ಬೆಲೆಯೇ ಗುರುತಾದ ವಸ್ತು' ಎಂದು ಹೇಳಿ. ಎಂಟಿಟಿಯನ್ನು 'ತನ್ನದೇ ಗುರುತುಳ್ಳ ವಸ್ತು' ಎನ್ನಿ. ಇಂಗ್ಲಿಷಿನಲ್ಲೂ ಈ ಹೆಸರು ಗೊಂದಲ ಹುಟ್ಟಿಸಿದ್ದುಂಟು. ಜಾವಾ ಉದ್ದಿಮೆ ತಂತ್ರಾಂಶಗಳ ವಿನ್ಯಾಸ ಗ್ರಂಥವೊಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ದತ್ತಾಂಶ ಸಾಗಿಸುವ ವಸ್ತುವಿಗೆ ಮೊದಲು ಇದೇ ಹೆಸರಿಟ್ಟು, ಮುಂದಿನ ಆವೃತ್ತಿಯಲ್ಲಿ ಅದನ್ನು 'ಟ್ರಾನ್ಸ್‌ಫರ್ ಆಬ್ಜೆಕ್ಟ್' ಎಂದು ಬದಲಿಸಿತು. ಹಳೆಯ ಪುಸ್ತಕ ಓದುವ ಪ್ರಶಿಕ್ಷಣಾರ್ಥಿಗೆ ಇದು ತಿಳಿದಿರಬೇಕು.

ಹಂತ 1: 'ಈ ಎರಡರಲ್ಲಿ ಯಾವುದು?'

ವ್ಯಾಖ್ಯೆಯಿಂದ ಆರಂಭಿಸದೆ ಚಟುವಟಿಕೆಯಿಂದ ಆರಂಭಿಸಬೇಕು. ಶಿಕ್ಷಕರು ಎರಡು ಸೀಮೆಸುಣ್ಣದ ಕಡ್ಡಿಗಳನ್ನೂ ಗ್ರಂಥಾಲಯದ ಒಂದೇ ಪುಸ್ತಕದ ಎರಡು ಪ್ರತಿಗಳನ್ನೂ ಮೇಜಿನ ಮೇಲಿಡುವರು.

ಶಿಕ್ಷಕ: ಒಂದು ಸೀಮೆಸುಣ್ಣ ಕೊಡು.
ವಿದ್ಯಾರ್ಥಿ 1: ತಗೊಳ್ಳಿ ಸರ್.
ಶಿಕ್ಷಕ: ಈ ಎರಡರಲ್ಲಿ ಯಾವುದು ಕೊಡಲಿ ಅಂತ ನೀನು ಯಾಕೆ ಕೇಳಲಿಲ್ಲ?
ವಿದ್ಯಾರ್ಥಿ 1: ಎರಡೂ ಒಂದೇ ಅಲ್ವಾ ಸರ್.
ಶಿಕ್ಷಕ: ಸರಿ. ಈ ಎರಡು ಪುಸ್ತಕದಲ್ಲೂ ಇರೋದು ಅದೇ ಪಾಠ, ಅದೇ ಪುಟ. ನೀನು ಒಂದನ್ನ ಮನೆಗೆ ಒಯ್ದು ಇನ್ನೊಂದನ್ನ ಹಿಂದಿರುಗಿಸಿದರೆ ಗ್ರಂಥಪಾಲಕರು ಒಪ್ತಾರಾ?
ವಿದ್ಯಾರ್ಥಿ 2: ಒಪ್ಪಲ್ಲ ಸರ್. ಒಳಗೆ ನಂಬರ್ ಇರುತ್ತೆ. ನಮ್ಮ ಕಾರ್ಡಲ್ಲಿ ಬರೆದಿರೋ ನಂಬರ್ರೇ ಬರಬೇಕು.

ಇಲ್ಲಿ ವಿದ್ಯಾರ್ಥಿಗಳೇ ಪರೀಕ್ಷಾ ಪ್ರಶ್ನೆಯನ್ನು ಕಂಡುಕೊಂಡಿದ್ದಾರೆ. ಎಲ್ಲ ಲಕ್ಷಣಗಳೂ ಒಂದೇ ಆಗಿರುವ ಎರಡು ವಸ್ತುಗಳು ಮುಂದಿರುವಾಗ 'ಈ ಎರಡರಲ್ಲಿ ಯಾವುದು?' ಎಂಬ ಪ್ರಶ್ನೆಗೆ ಅರ್ಥವಿದ್ದರೆ ಅದು ಎಂಟಿಟಿ; ಅರ್ಥವಿಲ್ಲದಿದ್ದರೆ ವ್ಯಾಲ್ಯೂ ಆಬ್ಜೆಕ್ಟ್. ಈ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲ್ಭಾಗದಲ್ಲಿ ಬರೆದು, ಎರಡೂ ಅವಧಿ ಮುಗಿಯುವವರೆಗೆ ಅಳಿಸದೆ ಉಳಿಸಬೇಕು.

ನಂತರ ಈ ಪಟ್ಟಿಯನ್ನು ಕೊಟ್ಟು ಗುಂಪುಗಳಲ್ಲಿ ವಿಂಗಡಿಸಲು ಹೇಳಿ: ದಿನಾಂಕ, ವಿದ್ಯಾರ್ಥಿ, ಎರಡೂವರೆ ಕಿಲೊ ಅಕ್ಕಿ, ಪಿನ್ ಕೋಡ್, ಶಾಲೆ, ಶಾಲೆಯ 11 ಅಂಕಿಗಳ ಯುಡೈಸ್ ಸಂಖ್ಯೆ, ನೂರು ರೂಪಾಯಿ. ಯುಡೈಸ್ ಸಂಖ್ಯೆಯಲ್ಲಿ ಚರ್ಚೆ ಏಳುವುದು ಖಚಿತ. ಶಾಲೆ ಎಂಟಿಟಿ; ಅದನ್ನು ಗುರುತಿಸಲು ಬಳಸುವ ಸಂಖ್ಯೆ ಮಾತ್ರ ವ್ಯಾಲ್ಯೂ ಆಬ್ಜೆಕ್ಟ್. ಒಂದೇ ಸಂಖ್ಯೆಯನ್ನು ಎರಡು ಕಡತಗಳಲ್ಲಿ ಬರೆದಿದ್ದರೆ 'ಇವೆರಡರಲ್ಲಿ ಯಾವ ಸಂಖ್ಯೆ?' ಎಂದು ಯಾರೂ ಕೇಳುವುದಿಲ್ಲ.

ನೂರು ರೂಪಾಯಿಯ ಚರ್ಚೆ ಇನ್ನೂ ಉಪಯುಕ್ತ. ಅಂಗಡಿಯವನಿಗೆ ಯಾವ ನೂರರ ನೋಟಾದರೂ ಒಂದೇ. ಆದರೆ ಕಳವಾದ ನೋಟಿನ ಕ್ರಮಸಂಖ್ಯೆ ಹುಡುಕುವ ತನಿಖಾಧಿಕಾರಿಗೆ ಪ್ರತಿ ನೋಟೂ ಬೇರೆ. ಒಂದೇ ವಸ್ತು ಒಂದು ತಂತ್ರಾಂಶದಲ್ಲಿ ವ್ಯಾಲ್ಯೂ ಆಬ್ಜೆಕ್ಟ್, ಇನ್ನೊಂದರಲ್ಲಿ ಎಂಟಿಟಿ ಆಗಬಹುದು. ಉತ್ತರ ವಸ್ತುವಿನಲ್ಲಿಲ್ಲ, ಅದನ್ನು ಬಳಸುವ ಕೆಲಸದಲ್ಲಿದೆ. ಈ ತೀರ್ಮಾನಕ್ಕೆ ವಿದ್ಯಾರ್ಥಿಗಳೇ ಬರುವವರೆಗೆ ಶಿಕ್ಷಕರು ಕಾಯಬೇಕು.

ಹಂತ 2: ಬರಿಯ ಸಂಖ್ಯೆ ಏನನ್ನು ಹೇಳುವುದಿಲ್ಲ?

ಶಿಕ್ಷಕರು ಕಪ್ಪುಹಲಗೆಯ ಮೇಲೆ '20' ಎಂದಷ್ಟೇ ಬರೆದು, ಇದು ಒಳ್ಳೆಯ ಅಂಕವೇ ಎಂದು ಕೇಳುವರು. ಎಷ್ಟಕ್ಕೆ ಎಂಬ ಮರುಪ್ರಶ್ನೆ ತಾನಾಗಿ ಬರುತ್ತದೆ. 25ಕ್ಕೆ 20 ಆದರೆ ಒಂದು ಮಾತು, 100ಕ್ಕೆ 20 ಆದರೆ ಇನ್ನೊಂದು ಮಾತು. ಹಾಗಾಗಿ 'ಅಂಕ' ಎಂಬುದು ಪಡೆದದ್ದು ಮತ್ತು ಗರಿಷ್ಠ ಎಂಬ ಎರಡು ಭಾಗಗಳು ಕೂಡಿದ ಒಂದೇ ಬೆಲೆ. ಇವನ್ನು ಬೇರೆ ಬೇರೆ ಚರಾಕ್ಷರಗಳಲ್ಲಿ ಇಟ್ಟರೆ ಒಂದು ದಿನ ಒಂದು ಇನ್ನೊಂದನ್ನು ಬಿಟ್ಟು ಹೋಗುತ್ತದೆ.

ಈಗ ಮುಖ್ಯ ಪ್ರಶ್ನೆ: 20/25 ಮತ್ತು 80/100 ಸಮವೇ? ಭಿನ್ನರಾಶಿ ಕಲಿತ ವಿದ್ಯಾರ್ಥಿ ಕೂಡಲೇ ಸಮ ಎನ್ನುತ್ತಾನೆ. ಆಗ ಲೆಕ್ಕ ಮಾಡಿಸಿ. ಒಬ್ಬ ವಿದ್ಯಾರ್ಥಿ ಕಿರುಪರೀಕ್ಷೆಯಲ್ಲಿ 20/25, ವಾರ್ಷಿಕ ಪರೀಕ್ಷೆಯಲ್ಲಿ 50/100 ಪಡೆದಿದ್ದಾನೆ. ಒಟ್ಟು 70/125, ಅಂದರೆ ಶೇಕಡಾ 56. ಕಿರುಪರೀಕ್ಷೆಯ ಅಂಕದ ಜಾಗದಲ್ಲಿ 80/100 ಇಟ್ಟರೆ ಒಟ್ಟು 130/200, ಅಂದರೆ ಶೇಕಡಾ 65. ಭಿನ್ನರಾಶಿಗಳಾಗಿ ಸಮವಾದವು ಅಂಕಗಳಾಗಿ ಸಮವಲ್ಲ. ಸಮಾನತೆಯ ಅರ್ಥವನ್ನು ಭಾಷೆಯೋ ಯಂತ್ರವೋ ನಿರ್ಧರಿಸುವುದಿಲ್ಲ. ವಿನ್ಯಾಸಕಾರ ಆಲೋಚಿಸಿ ನಿರ್ಧರಿಸಬೇಕು ಎಂಬುದು ಇಲ್ಲಿ ಮನದಟ್ಟಾಗುತ್ತದೆ.

ಈ ಹಂತದಲ್ಲಿ ಒಂದು ನೈಜ ಘಟನೆಯನ್ನು ತಿಳಿಸಬಹುದು. ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರ್ 11ರಂದು ಹಾರಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನನ್ನು ತಲುಪುವ ಹೊತ್ತಿಗೆ ಕಳೆದುಹೋಯಿತು. ಭೂಮಿಯಲ್ಲಿದ್ದ ತಂತ್ರಾಂಶದ ಒಂದು ಭಾಗ ನೋದಕ ಯಂತ್ರಗಳ ಆವೇಗವನ್ನು ಪೌಂಡ್ ಬಲ-ಸೆಕೆಂಡ್‌ಗಳಲ್ಲಿ ಬರೆಯಿತು. ಅದನ್ನು ಓದುವ ಭಾಗ ನ್ಯೂಟನ್-ಸೆಕೆಂಡ್ ಎಂದು ತಿಳಿಯಿತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಸಾಗಬೇಕಿದ್ದ ನೌಕೆ ಸುಮಾರು 57 ಕಿಲೋಮೀಟರಿಗೆ ಇಳಿಯಿತೆಂದು ನಂತರದ ಲೆಕ್ಕಾಚಾರ ತೋರಿಸಿತು. ಸಂಖ್ಯೆ ತಪ್ಪಾಗಿರಲಿಲ್ಲ, ಅದರ ಮಾನ ಜೊತೆಗೆ ಬರಲಿಲ್ಲ. ಸಂಖ್ಯೆ ಮತ್ತು ಮಾನ ಒಂದೇ ವಸ್ತುವಾಗಿ ಸಾಗಿದ್ದರೆ, ಓದುವ ಭಾಗ ಅದನ್ನು ಪರಿವರ್ತಿಸಬಹುದಿತ್ತು ಅಥವಾ ತಿರಸ್ಕರಿಸಬಹುದಿತ್ತು. ಭೌತಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಮಾನ ಬರೆಯದಿದ್ದರೆ ಅಂಕ ಏಕೆ ಕಡಿತವಾಗುತ್ತದೆ ಎಂಬುದಕ್ಕೂ ವಿದ್ಯಾರ್ಥಿಗೆ ಇಲ್ಲಿ ಉತ್ತರ ಸಿಗುತ್ತದೆ.

ಹಂತ 3: ಉಳಿದ ಒಂದು ಪೈಸೆ

ನೂರು ರೂಪಾಯಿಯನ್ನು ಮೂವರಿಗೆ ಸಮನಾಗಿ ಹಂಚಲು ಹೇಳಿ. ತಲಾ 33.33 ಎಂದು ಬರುತ್ತದೆ. ಕೂಡಿಸಿದರೆ 99.99. ಒಂದು ಪೈಸೆ ಎಲ್ಲಿ ಹೋಯಿತು? ಗಣಕಯಂತ್ರವಿದ್ದರೆ ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ತೋರಿಸಿ. ಬರುವ ಉತ್ತರ 0.30000000000000004. ಈ ದಶಮಾಂಶಗಳನ್ನು ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಬರೆಯಲಾಗದು ಎಂಬುದೇ ಇದಕ್ಕೆ ಕಾರಣ.

ಪರಿಹಾರವನ್ನು ವಿದ್ಯಾರ್ಥಿಗಳಿಂದಲೇ ಹೊರಡಿಸಬಹುದು. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಳ್ಳಿ: 10,000 ಪೈಸೆ. ಮೂರರಿಂದ ಭಾಗಿಸಿದರೆ ಭಾಗಲಬ್ಧ 3,333, ಶೇಷ 1. ಶೇಷವನ್ನು ಮೊದಲನೆಯವನಿಗೆ ಕೊಟ್ಟರೆ 33.34, 33.33, 33.33; ಒಟ್ಟು ಸರಿಯಾಗಿ ನೂರು. ಈ ಹಂಚಿಕೆಯ ನಿಯಮ 'ಹಣ' ಎಂಬ ವ್ಯಾಲ್ಯೂ ಆಬ್ಜೆಕ್ಟ್‌ನೊಳಗೇ ಇರಬೇಕು. ಹಾಗಿಲ್ಲದಿದ್ದರೆ ತಂತ್ರಾಂಶದ ಹತ್ತು ಕಡೆ ಹತ್ತು ರೀತಿಯ ಹಂಚಿಕೆ ನಡೆಯುತ್ತದೆ.

ಇದರಿಂದ ಒಂದು ಮುಖ್ಯ ಅಂಶ ಹೊರಡುತ್ತದೆ: ವ್ಯಾಲ್ಯೂ ಆಬ್ಜೆಕ್ಟ್ ಬರಿಯ ಡಬ್ಬಿಯಲ್ಲ, ಅದಕ್ಕೆ ತನ್ನದೇ ಕ್ರಿಯೆಗಳಿವೆ. ಯಾವ ಕ್ರಿಯೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ಅದು ತಿಳಿದಿರುತ್ತದೆ. ರೂಪಾಯಿಗೆ ರೂಪಾಯಿ ಕೂಡಬಹುದು. ರೂಪಾಯಿಗೆ ಬ್ರೆಜಿಲ್‌ನ ರಿಯಾಲ್ ನೇರವಾಗಿ ಕೂಡಲಾಗದು. ರೂಪಾಯಿಯನ್ನು 3ರಿಂದ ಗುಣಿಸಬಹುದು, ರೂಪಾಯಿಯಿಂದ ಗುಣಿಸುವುದಕ್ಕೆ ಅರ್ಥವಿಲ್ಲ. ಆದರೆ ಉದ್ದವನ್ನು ಉದ್ದದಿಂದ ಗುಣಿಸಿದರೆ ವಿಸ್ತೀರ್ಣ ಎಂಬ ಬೇರೆಯೇ ಜಾತಿಯ ಬೆಲೆ ಹುಟ್ಟುತ್ತದೆ.

ಹಂತ 4: ಬದಲಾಗದಿರುವುದರ ಬಲ

ಎರಡನೆಯ ಅವಧಿಯನ್ನು ಈ ಸನ್ನಿವೇಶದಿಂದ ಆರಂಭಿಸಿ. ಶುಲ್ಕ ಕಟ್ಟಲು ಇಬ್ಬರು ವಿದ್ಯಾರ್ಥಿಗಳಿಗೂ ಒಂದೇ ಕೊನೆಯ ದಿನಾಂಕವಿದೆ. ತಂತ್ರಾಂಶದಲ್ಲಿ ಇಬ್ಬರ ದಾಖಲೆಯೂ ಒಂದೇ ದಿನಾಂಕ-ವಸ್ತುವನ್ನು ತೋರಿಸುತ್ತಿದೆ. ಒಬ್ಬನಿಗೆ ಏಳು ದಿನ ಹೆಚ್ಚಿನ ಅವಕಾಶ ಕೊಡಲು ಆ ವಸ್ತುವನ್ನೇ ತಿದ್ದಿದರೆ ಏನಾಗುತ್ತದೆ? ಇನ್ನೊಬ್ಬನ ದಿನಾಂಕವೂ ಯಾರ ಗಮನಕ್ಕೂ ಬಾರದೆ ಬದಲಾಗುತ್ತದೆ. ಪೈಥಾನ್‌ನಲ್ಲಿ ಒಂದೇ ಪಟ್ಟಿಗೆ ಎರಡು ಹೆಸರು ಕೊಟ್ಟು, ಒಂದು ಹೆಸರಿನಿಂದ ಅಂಶವೊಂದನ್ನು ಸೇರಿಸಿ, ಇನ್ನೊಂದು ಹೆಸರಿನಿಂದ ಓದಿಸಿದರೆ ಇದು ಕಣ್ಣಿಗೇ ಕಾಣುತ್ತದೆ.

ಜಾವಾ ಭಾಷೆಯ ಮೂಲ ಡೇಟ್ ವರ್ಗ ಹೀಗೆ ತಿದ್ದಬಹುದಾದದ್ದಾಗಿತ್ತು. 2014ರಲ್ಲಿ ಬಂದ ಜಾವಾ 8ರಲ್ಲಿ ಸೇರಿದ ಲೋಕಲ್‌ಡೇಟ್ ತಿದ್ದಲಾಗದ್ದು. ಏಳು ದಿನ ಕೂಡಿಸು ಎಂದರೆ ಅದು ಹೊಸ ದಿನಾಂಕವನ್ನು ಕೊಡುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಪೈಥಾನ್‌ನ ಡೇಟ್ ಕೂಡ ಇಂಥದೇ.

ವಿದ್ಯಾರ್ಥಿಗಳಿಗೆ ಇದನ್ನು ಹೀಗೆ ವಿವರಿಸಬಹುದು: 5ಕ್ಕೆ 2 ಕೂಡಿಸಿದಾಗ 7 ಬರುತ್ತದೆ, ಆದರೆ 5 ಎಂಬ ಸಂಖ್ಯೆಯೇ 7 ಆಗಿಬಿಡುವುದಿಲ್ಲ. ಬದಲಾದದ್ದು ಚರಾಕ್ಷರ ತೋರಿಸುವ ಬೆಲೆ, ಬೆಲೆಯಲ್ಲ. ದಿನಾಂಕ, ಹಣ, ಅಂಕ ಎಲ್ಲವೂ ಸಂಖ್ಯೆಯಂತೆಯೇ ವರ್ತಿಸಲಿ ಎಂಬುದೇ ವ್ಯಾಲ್ಯೂ ಆಬ್ಜೆಕ್ಟ್‌ನ ಆಶಯ.

ಪ್ರಾತ್ಯಕ್ಷಿಕೆಗೆ ಪೈಥಾನ್ 3.7ರಲ್ಲಿ, ಅಂದರೆ 2018ರಲ್ಲಿ ಸೇರಿದ ಡೇಟಾಕ್ಲಾಸ್ ಅನುಕೂಲಕರ. ಸಾಧಾರಣ ಕ್ಲಾಸ್‌ನಿಂದ ಒಂದೇ ಅಂಶಗಳ ಎರಡು ಆಬ್ಜೆಕ್ಟ್ ರಚಿಸಿ ಸಮವೇ ಎಂದು ಕೇಳಿದರೆ ಅಲ್ಲ ಎಂಬ ಉತ್ತರ ಬರುತ್ತದೆ. ಡೇಟಾಕ್ಲಾಸ್ ಮಾಡಿದರೆ ಹೌದು ಎಂದು ಬರುತ್ತದೆ. ಫ್ರೋಜನ್ ಎಂಬ ಆಯ್ಕೆ ಕೊಟ್ಟರೆ ತಿದ್ದುವ ಪ್ರಯತ್ನಕ್ಕೆ ದೋಷಸೂಚನೆ ಬರುತ್ತದೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದಾದ್ದರಿಂದ 'ಅಂಕ', 'ಹಣ' ಎಂಬ ಕ್ಲಾಸ್‌ಗಳನ್ನು ಬರೆದು ತೋರಿಸುವುದು ಸಾಧ್ಯ.

ಹಂತ 5: ಒಂದೇ ಬೆಲೆ, ಬೇರೆ ಉಡುಗೆ

ತಂತ್ರಾಂಶವನ್ನು ಪೋರ್ಚುಗೀಸಿಗೆ ಅನುವಾದಿಸುವ ಕೆಲಸವನ್ನು ಈ ಹಂತದ ಉದಾಹರಣೆಯಾಗಿ ಬಳಸಬಹುದು. ಬ್ರೆಜಿಲ್‌ನಲ್ಲಿ ದಶಮಾಂಶವನ್ನು ಅಲ್ಪವಿರಾಮದಿಂದಲೂ ಸಾವಿರವನ್ನು ಚುಕ್ಕಿಯಿಂದಲೂ ಬೇರ್ಪಡಿಸುತ್ತಾರೆ. ನಾವು 1,250.75 ಎಂದು ಬರೆಯುವುದನ್ನು ಅಲ್ಲಿ 1.250,75 ಎಂದು ಬರೆಯುತ್ತಾರೆ. ಹಾಗಾದರೆ '1.250' ಎಂಬ ಬರಹ ಎಷ್ಟು? ನಮಗೆ ಒಂದೂಕಾಲು, ಅವರಿಗೆ ಒಂದು ಸಾವಿರದ ಇನ್ನೂರೈವತ್ತು. ಬರಹವನ್ನೇ ಬೆಲೆ ಎಂದು ತಿಳಿದು ತಂತ್ರಾಂಶದುದ್ದಕ್ಕೂ ಸಾಗಿಸಿದರೆ ಅನಾಹುತ ಖಚಿತ. ಒಳಬರುವಾಗ ಬಾಗಿಲಲ್ಲಿ ಬರಹವನ್ನು ಬೆಲೆಯಾಗಿಸಬೇಕು, ಹೊರಹೋಗುವಾಗ ಬೆಲೆಯನ್ನು ಓದುಗನ ಭಾಷೆಯ ಬರಹವಾಗಿಸಬೇಕು. ಅನುವಾದವಾಗಬೇಕಾದದ್ದು ಉಡುಗೆ ಮಾತ್ರ, ಒಳಗಿನ ಬೆಲೆಯಲ್ಲ.

ಪೋರ್ಚುಗೀಸ್ ಪಾಠಗಳಲ್ಲಿ ಕಾಣಸಿಗುವ ಒಂದು ಉದಾಹರಣೆ ಬ್ರೆಜಿಲ್‌ನ ತೆರಿಗೆದಾರರ ನೋಂದಣಿ ಸಂಖ್ಯೆಯಾದ ಸಿಪಿಎಫ್. ಅದರಲ್ಲಿ 11 ಅಂಕಿಗಳು. ಕೊನೆಯ ಎರಡು ತಾಳೆ ಅಂಕಿಗಳು. ಮೊದಲ ಒಂಬತ್ತು ಅಂಕಿಗಳನ್ನು ಕ್ರಮವಾಗಿ 10ರಿಂದ 2ರವರೆಗಿನ ಸಂಖ್ಯೆಗಳಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಬೇಕು. ಶೇಷ 2ಕ್ಕಿಂತ ಕಡಿಮೆಯಿದ್ದರೆ ತಾಳೆ ಅಂಕಿ 0, ಇಲ್ಲವಾದರೆ 11ರಿಂದ ಶೇಷ ಕಳೆದದ್ದು. ಎರಡನೆಯ ತಾಳೆ ಅಂಕಿಗೆ ಮೊದಲನೆಯದನ್ನೂ ಸೇರಿಸಿಕೊಂಡು 11ರಿಂದ 2ರವರೆಗೆ ಗುಣಿಸಬೇಕು.

ವಿದ್ಯಾರ್ಥಿಗಳಿಗೆ 111.111.111-11 ಎಂಬುದನ್ನು ಪರಿಶೀಲಿಸಲು ಕೊಡಿ. ಮೊದಲ ಮೊತ್ತ 54, ಶೇಷ 10, ತಾಳೆ ಅಂಕಿ 1. ಎರಡನೆಯ ಮೊತ್ತ 65, ಶೇಷ 10, ತಾಳೆ ಅಂಕಿ 1. ಲೆಕ್ಕ ಸರಿಯಾಗುತ್ತದೆ! ಆದರೂ ಎಲ್ಲ ಅಂಕಿಗಳೂ ಒಂದೇ ಆದ ಸಂಖ್ಯೆ ಅಲ್ಲಿ ಮಾನ್ಯವಲ್ಲ. ಅದನ್ನು ಪ್ರತ್ಯೇಕವಾಗಿ ತಡೆಯಬೇಕು. ಪರಿಶೀಲನೆಯ ನಿಯಮ ಸೂತ್ರದಿಂದಷ್ಟೇ ಬರುವುದಿಲ್ಲ, ವ್ಯವಹಾರದ ತಿಳಿವಳಿಕೆಯಿಂದಲೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ. ಇದೇ ಸಂಖ್ಯೆಯನ್ನು ಚುಕ್ಕಿಗಳಿಲ್ಲದೆ ಬರೆದರೂ ಬೆಲೆ ಅದೇ. ಸೊನ್ನೆಯಿಂದ ಆರಂಭವಾಗುವ ಸಿಪಿಎಫ್ ಅನ್ನು ಪೂರ್ಣಾಂಕವಾಗಿ ಇಟ್ಟರೆ ಮಾತ್ರ ಮೊದಲ ಸೊನ್ನೆ ಬಿದ್ದುಹೋಗುತ್ತದೆ. ಅಂಕಿಗಳಲ್ಲಿ ಬರೆದದ್ದೆಲ್ಲ ಸಂಖ್ಯೆಯಲ್ಲ.

ಉಡುಗೆಯ ಸಮಸ್ಯೆ ನಮ್ಮ ಲಿಪಿಯಲ್ಲೂ ಇದೆ. ಯೂನಿಕೋಡ್‌ನಲ್ಲಿ 'ಕೊ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಗಣಕ ಹೋಲಿಸಿದಾಗ ಬೇರೆ ಎನ್ನುತ್ತದೆ. ಪೋರ್ಚುಗೀಸಿನ ಅನುನಾಸಿಕ ಚಿಹ್ನೆ ಹೊತ್ತ ಅಕ್ಷರಗಳಿಗೂ ಇದೇ ಪಾಡು. ಹೆಸರನ್ನು ಒಳತೆಗೆದುಕೊಳ್ಳುವಾಗಲೇ ಒಂದು ಗೊತ್ತಾದ ರೂಪಕ್ಕೆ ತರದಿದ್ದರೆ, ಕಣ್ಣೆದುರಿಗಿರುವ ವಿದ್ಯಾರ್ಥಿಯ ಹೆಸರು ಹುಡುಕಿದಾಗ ಸಿಗದೆ ಹೋಗುತ್ತದೆ.

ಪ್ರಶಿಕ್ಷಣಾರ್ಥಿಗಳು ಎಚ್ಚರ ವಹಿಸಬೇಕಾದ ಅಂಶಗಳು

1. 'ಬದಲಾಗದು' ಮತ್ತು 'ಬದಲಿಸಲಾಗದು' ಎಂಬುದರಲ್ಲಿ ಗೊಂದಲ ಬೇಡ. ವಿದ್ಯಾರ್ಥಿಯ ವಿಳಾಸವನ್ನು ಬದಲಿಸಬಹುದು: ಹಳೆಯ ವಿಳಾಸ-ವಸ್ತುವನ್ನು ತೆಗೆದು ಹೊಸದನ್ನು ಇಡುತ್ತೇವೆ. ತಿದ್ದುವುದಿಲ್ಲ, ಅಷ್ಟೆ.
2. ಫ್ರೋಜನ್ ಎಂದೊಡನೆ ಎಲ್ಲವೂ ಭದ್ರವಾಗುವುದಿಲ್ಲ. ಒಳಗೆ ಒಂದು ಪಟ್ಟಿಯಿದ್ದರೆ ಆ ಪಟ್ಟಿಯನ್ನು ತಿದ್ದಬಹುದು. ಪಟ್ಟಿಯ ಬದಲು ಟ್ಯೂಪಲ್ ಬಳಸಲು ಹೇಳಿ.
3. ಸಣ್ಣದೆಲ್ಲ ವ್ಯಾಲ್ಯೂ ಆಬ್ಜೆಕ್ಟ್, ದೊಡ್ಡದೆಲ್ಲ ಎಂಟಿಟಿ ಎಂಬ ಸುಲಭ ಸೂತ್ರವನ್ನು ಹೇಳಿಕೊಡಬೇಡಿ. ಗಾತ್ರ ಇಲ್ಲಿ ಅಪ್ರಸ್ತುತ.
4. ಪ್ರತಿಯೊಂದು ಸಂಖ್ಯೆಗೂ ಒಂದು ಕ್ಲಾಸ್ ಬೇಕೆಂಬ ಅತಿರೇಕವೂ ಬೇಡ. ಆವರ್ತನದ ಎಣಿಕೆಗೆ ಪೂರ್ಣಾಂಕ ಸಾಕು. ನಿಯಮ, ಮಾನ ಅಥವಾ ಪರಿಶೀಲನೆ ಜೊತೆಗೂಡಿದಾಗ ಮಾತ್ರ ವ್ಯಾಲ್ಯೂ ಆಬ್ಜೆಕ್ಟ್ ತನ್ನ ಖರ್ಚನ್ನು ತಾನೇ ತೀರಿಸುತ್ತದೆ.

ಮೌಲ್ಯಮಾಪನ

ವ್ಯಾಖ್ಯೆ ಬರೆಯಿರಿ ಎಂಬ ಪ್ರಶ್ನೆಯಿಂದ ಈ ಪಾಠದ ಕಲಿಕೆಯನ್ನು ಅಳೆಯಲಾಗದು. ಈ ಕೆಳಗಿನ ಪ್ರಶ್ನೆಗಳು ಹೆಚ್ಚು ಸೂಕ್ತ.

ಪ್ರಶ್ನೆ 1. ಬಸ್ಸಿನ ಆಸನವು ಮುಂಗಡ ಕಾಯ್ದಿರಿಸುವ ಬಸ್ಸಿನಲ್ಲಿ ಯಾವ ಗುಂಪಿಗೆ ಸೇರುತ್ತದೆ? ನಗರ ಸಾರಿಗೆ ಬಸ್ಸಿನಲ್ಲಿ? 
ನಿರೀಕ್ಷಿತ ಉತ್ತರ: ಮೊದಲನೆಯದರಲ್ಲಿ 'ಯಾವ ಆಸನ?' ಎಂಬುದಕ್ಕೆ ಅರ್ಥವಿದೆ, ಹಾಗಾಗಿ ಎಂಟಿಟಿ. ಎರಡನೆಯದರಲ್ಲಿ ಎಷ್ಟು ಖಾಲಿ ಎಂಬುದಷ್ಟೇ ಮುಖ್ಯ.

ಪ್ರಶ್ನೆ 2. 'ತಾಪ' ಎಂಬ ವ್ಯಾಲ್ಯೂ ಆಬ್ಜೆಕ್ಟ್ ರಚಿಸುವಾಗ 100 ಡಿಗ್ರಿ ಸೆಲ್ಸಿಯಸ್ ಮತ್ತು 212 ಡಿಗ್ರಿ ಫ್ಯಾರನ್‌ಹೀಟ್ ಸಮ ಎನ್ನುವಿರಾ? ಕಾರಣ ಕೊಡಿ.
ನಿರೀಕ್ಷಿತ ಉತ್ತರ: ಭೌತಿಕ ತಾಪವೇ ಬೆಲೆಯಾದರೆ ಸಮ. ಉಪಕರಣ ತೋರಿಸಿದ ಓದನ್ನು ಹಾಗೆಯೇ ದಾಖಲಿಸಬೇಕಾದರೆ ಬೇರೆ. ಅಂಕ ಕೊಡಬೇಕಾದದ್ದು ತೀರ್ಮಾನಕ್ಕಲ್ಲ, ಕಾರಣಕ್ಕೆ.

ಪ್ರಶ್ನೆ 3. ಪಿನ್ ಕೋಡ್ ಎಂಬ ವ್ಯಾಲ್ಯೂ ಆಬ್ಜೆಕ್ಟ್ ತನ್ನ ಬಾಗಿಲಲ್ಲಿ ಏನನ್ನು ಪರಿಶೀಲಿಸಬೇಕು? 
ನಿರೀಕ್ಷಿತ ಉತ್ತರ: ಆರು ಅಂಕಿಗಳಿವೆಯೇ, ಮೊದಲ ಅಂಕಿ ಸೊನ್ನೆಯಲ್ಲ ತಾನೇ, ಅಂಕಿಗಳಲ್ಲದೆ ಬೇರೆ ಅಕ್ಷರ ನುಸುಳಿದೆಯೇ.

ಮನೆಗೆಲಸ: ಮನೆಯಲ್ಲಿ ಸಿಗುವ ಒಂದು ರಸೀದಿಯಲ್ಲಿ ಕಾಣುವ ಪ್ರತಿಯೊಂದು ನಮೂದನ್ನೂ ಎರಡು ಗುಂಪುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ವಾಕ್ಯದ ಕಾರಣ ಬರೆದು ತರುವುದು.

ಮಾರ್ಗದರ್ಶಕ ಉಪನ್ಯಾಸಕರಿಗೆ

ಪಾಠ ವೀಕ್ಷಿಸುವಾಗ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರಿಕೆ. ಮೊದಲನೆಯದು, ವಿದ್ಯಾರ್ಥಿ 'ಸಮ' ಎಂದಾಗ ಪ್ರಶಿಕ್ಷಣಾರ್ಥಿಯು 'ಯಾವ ಕೆಲಸಕ್ಕೆ ಸಮ?' ಎಂದು ಮರುಪ್ರಶ್ನೆ ಹಾಕುತ್ತಾರೆಯೇ ಎಂಬುದು. ಈ ಒಂದು ಪ್ರಶ್ನೆ ಇಲ್ಲದಿದ್ದರೆ ಉಳಿದ ಚಟುವಟಿಕೆಗಳೆಲ್ಲ ಆಟವಾಗಿ ಮುಗಿಯುತ್ತವೆ. ಎರಡನೆಯದು, ಪದ ಪರಿಚಯಿಸಿದ ಮೇಲೆ ಅದನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ಹೇಳುವಂತೆ ಮಾಡಲಾಯಿತೇ ಎಂಬುದು. 'ಒಬ್ಜೆತೊ ದೆ ವಲೋರ್' ಎಂಬುದನ್ನು ಉಂಗುರವೆಂದು ಬಗೆದ ಪೋರ್ಚುಗೀಸ್ ವಿದ್ಯಾರ್ಥಿಯೂ, ಮೌಲ್ಯ ಎಂದೊಡನೆ ನೀತಿಪಾಠ ನೆನೆಯುವ ನಮ್ಮ ವಿದ್ಯಾರ್ಥಿಯೂ ವ್ಯಾಖ್ಯೆಯನ್ನು ಮಾತ್ರ ತಪ್ಪಿಲ್ಲದೆ ಒಪ್ಪಿಸಬಲ್ಲರು. ಅವರು ತಿಳಿದದ್ದೇನು ಎಂಬುದು ಗೊತ್ತಾಗುವುದು, ಎರಡು ವಸ್ತುಗಳನ್ನು ಮುಂದಿಟ್ಟು 'ಈ ಎರಡರಲ್ಲಿ ಯಾವುದು?' ಎಂದು ಕೇಳಿದಾಗಲೇ.